ಮಂಡ್ಯದಿಂದ ದೋರನಹಳ್ಳಿಗೆ: ಅಕ್ಕನ ಪಾಳಿ ಪುಸ್ತಕದ ಹಿಂದೆ

ಶನಿವಾರ, ಮಂಡ್ಯ

ಬೆಂಗಳೂರಿನಿಂದ ಮಂಡ್ಯಕ್ಕೆ ರೈಲಿನಲ್ಲೇ ಹೋಗಬೇಕು. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಕಾರಿನವರಿಗೆ ಮದ್ದೂರೂ ಇಲ್ಲ, ಮಂಡ್ಯವೂ ಇಲ್ಲ. ರೈಲು ಮಾತ್ರ ಇನ್ನೂ ಊರೊಳಗೆ ನಿಂತು ಹೋಗುತ್ತದೆ. ಚನ್ನಪಟ್ಟಣ ದಾಟುತ್ತಿದ್ದಂತೆ ವಡೆಯವನು ಬಂದ. ಎರಡು ತಗೊಂಡೆ. ಒಂದು ಮೆತ್ತಗಾಗಿತ್ತು, ಇನ್ನೊಂದು ಈರುಳ್ಳಿಯ ಘಮದೊಂದಿಗೆ ಗರಿಗರಿಯಾಗಿತ್ತು. ಮೆತ್ತಗಿನದನ್ನು ಮೊದಲು ತಿಂದೆ.

ಮಾರ್ಚ್ ಕೊನೆಯ ಬಿಸಿಲು. ಸ್ಟೇಷನ್ನಿನ ಹೊರಗೆ ಭಾವ ಟಿವಿಎಸ್ ಎಕ್ಸೆಲ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅಕ್ಕ ನನ್ನ ದೊಡ್ಡಮ್ಮನ ಮಗಳು, ಸರ್ಕಾರಿ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಿಯಾದವಳು. ಇದು ತಪಸ್ಸುಕಾಲ, ಕ್ರೈಸ್ತರ ನಲವತ್ತು ದಿನದ ವ್ರತದ ಕಾಲ; ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಅವಳ ಮನೆಯಲ್ಲಿ ಕೋಳಿ, ಕುರಿ, ಮೀನು ಮೂರೂ ಬಂದ್. ಮಾಂಸ ತರದೆ ಉಳಿದ ದುಡ್ಡು ವಾರವಾರ ಒಂದು ಬೋರ್ನ್‌ವಿಟಾ ಡಬ್ಬಿಗೆ ಬೀಳುತ್ತದೆ, ಜೊತೆಗೆ ತಾರೀಖು ಬರೆದ ಚೀಟಿ. ಭಾವನಿಗೆ ಈ ವಿಷಯದಲ್ಲಿ ಒಂದು ಕಾನೂನು ಪಾಯಿಂಟ್ ಇದೆ. "ನಲವತ್ತು ದಿನ ಅಂದ್ರೆ ಭಾನುವಾರ ಬಿಟ್ಟು ನಲವತ್ತು. ಎಣಿಸಿ ನೋಡು, ಭಾನುವಾರ ಸೇರಿಸಿದ್ರೆ ನಲವತ್ತಾರು ಆಗುತ್ತೆ. ಭಾನುವಾರ ಲೆಕ್ಕಕ್ಕಿಲ್ಲ." ಅವರು ಹೇಳಿದ್ದು ಸರಿಯೇ. ಆದರೂ ಅಕ್ಕ ಮುದ್ದೆಯ ಪಕ್ಕಕ್ಕೆ ಉಪ್ಸಾರನ್ನೇ ಬಡಿಸಿದಳು.

ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ನೋಟ್‌ಬುಕ್ಕೇ ನನ್ನನ್ನು ಈ ತಿರುಗಾಟಕ್ಕೆ ಎಳೆದದ್ದು. ಪ್ರತಿ ಹಾಳೆಗೆ ಒಂದು ವಾರ, ಪ್ರತಿ ವಾರಕ್ಕೆ ಪಾಳಿ: ಯಾರು, ಯಾವ ಬೀದಿ, ಯಾರ ಜೊತೆ. ಅಕ್ಕ ತನ್ನ ಚರ್ಚಿನ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜಾನಾಮ್ ಎಂಬ ಇಪ್ಪತ್ತು ವರ್ಷದ ಕಾಲೇಜು ಹುಡುಗ ಗೆಳೆಯರನ್ನು ಕಟ್ಟಿಕೊಂಡು ಶುರು ಮಾಡಿದ ಸಭೆ ಅದು. ಚರ್ಚಾಕೂಟವೊಂದರಲ್ಲಿ, ನಿಮ್ಮ ಧರ್ಮ ಹಿಂದೆ ದೊಡ್ಡದೆಲ್ಲ ಮಾಡಿರಬಹುದು, ಈಗ ನೀವು ಏನು ಮಾಡುತ್ತಿದ್ದೀರಿ ಎಂದು ಎದುರಾಳಿಗಳು ಕೆಣಕಿದ್ದರಂತೆ. ಹುಡುಗರು ಉತ್ತರ ಹುಡುಕುವುದು ಬಿಟ್ಟು ಸೌದೆ ಹೊತ್ತುಕೊಂಡು ಬಡವರ ಮನೆಗೆ ಹೋದರು. ಇವತ್ತಿಗೂ ನಿಯಮ ಸುಮಾರಾಗಿ ಅದೇ. ಒಬ್ಬೊಬ್ಬರೇ ಹೋಗುವಂತಿಲ್ಲ, ಇಬ್ಬರು ಹೋಗಬೇಕು. ಯಾವ ಜಾತಿ, ಯಾವ ಮತ ಎಂದು ಕೇಳುವಂತಿಲ್ಲ. ಸಭೆಯ ಕೊನೆಗೆ ಬಟ್ಟೆಯ ಚೀಲವೊಂದು ಕೈಯಿಂದ ಕೈಗೆ ಹೋಗುತ್ತದೆ. ಎಲ್ಲರೂ ಮುಷ್ಟಿ ಹಿಡಿದೇ ಒಳಗೆ ಕೈ ಹಾಕುತ್ತಾರೆ. ಐನೂರು ಹಾಕಿದವರು ಯಾರು, ಬರಿಗೈ ಹಾಕಿದವರು ಯಾರು, ಪಕ್ಕದವರಿಗೂ ತಿಳಿಯುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂಬ ಯೇಸುವಿನ ಮಾತನ್ನು ಬೂದಿ ಬುಧವಾರದ ಪೂಜೆಯಲ್ಲಿ ವರ್ಷವರ್ಷ ಕೇಳಿದ್ದೇನೆ. ಅದನ್ನು ಒಂದು ಚೀಲವಾಗಿ ಹೊಲಿದವರ ಬುದ್ಧಿಯನ್ನು ಮೆಚ್ಚಬೇಕು.

ಸಂಜೆ ಅಕ್ಕನ ಪಾಳಿ. ಅವಳ ಜೊತೆಗಾರ ಟೈಲರ್‌ಗೆ ಮದುವೆ ಸೀಜನ್ನಿನ ರವಿಕೆಗಳ ರಾಶಿ ಬಿದ್ದಿದ್ದರಿಂದ ಆ ಜಾಗಕ್ಕೆ ನಾನು. ಮೊದಲು ಹೋದದ್ದು ಒಬ್ಬ ತಾತನ ಮನೆಗೆ. ಒಂದೇ ಕೋಣೆ, ಹೊರಗೆ ತುಳಸಿಕಟ್ಟೆ, ಒಳಗೆ ಮಾದಪ್ಪನ ಪಟ. ಸಕ್ಕರೆ ಕಾಯಿಲೆಯ ಮಾತ್ರೆಗಳಿದ್ದ ಕವರನ್ನು ಅಕ್ಕ ಮಂಚದ ಮೇಲಿಟ್ಟಳು. ಮೆಡಿಕಲ್ ಸ್ಟೋರಿಗೆ ದುಡ್ಡು ನೇರವಾಗಿ ಸಭೆಯಿಂದ ಹೋಗುತ್ತದೆ. ತಾತ ಕವರನ್ನು ಮುಟ್ಟಲಿಲ್ಲ.

"ಟೀಚ್ರಮ್ಮ, ನಾನೇನ್ ಎಳೇ ಮಗೀನಾ? ಕಾಸು ನನ್ ಕೈಗೆ ಕೊಟ್ರೆ ಮಾತ್ರೆ ತಗಳದು ಗೊತ್ತಿಲ್ವಾ ನಂಗೆ? ಅಂಗ್ಡಿ ಹುಡ್ಗನ ಮೇಲೆ ನಂಬ್ಕೆ ಅದೆ, ನನ್ ಮೇಲಿಲ್ಲ."

ಅಕ್ಕ ನಕ್ಕು, ಸಭೆಯ ನಿಯಮ ತಾತ, ಎಂದಳು. "ನಿಯ್ಮ ನಿಮ್ಗೆ. ನಾನು ಸಭೆ ಸೇರ್ದೋನಲ್ವಲ್ಲ" ಎಂದ ತಾತ, ಆಮೇಲೆ ನಮಗೆ ಟೀ ತರಿಸುತ್ತೇನೆಂದು ಹಟ ಹಿಡಿದ. ಕುಡಿದೆವು. ದುಡ್ಡು ಅವನೇ ಕೊಟ್ಟ.

ಅಲ್ಲಿಂದ ನಾಲೆ ಏರಿಯ ಮೇಲೆ, ಬಳ್ಳಾರಿ ಕಡೆಯಿಂದ ಕಬ್ಬು ಕಡಿಯಲು ಬಂದವರ ಟೆಂಟುಗಳಿಗೆ ಹೊರಟಿದ್ದೆವು. ಅರ್ಧ ದಾರಿಯಲ್ಲಿ ಎಕ್ಸೆಲ್ ಪಂಚರ್. ತಳ್ಳಿಕೊಂಡು ಹೋದಾಗ ಸಿಕ್ಕಿದ್ದು ಒಂದು ಆಲೆಮನೆ. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು, ಕಬ್ಬಿನ ಸಿಪ್ಪೆಯ ಹೊಗೆ ಕಣ್ಣಿಗೆ ಅಡರುತ್ತಿತ್ತು. ಯಜಮಾನರು ಟ್ಯೂಬ್ ಹಾಕಿಸಲು ಹುಡುಗನನ್ನು ಕಳಿಸಿ, ನಮ್ಮ ಕೈಗೆ ನಿಂಬೆ ಹಿಂಡಿದ ಕಬ್ಬಿನ ಹಾಲು ಕೊಟ್ಟರು. ಬೆಲ್ಲದ ಬಣ್ಣದ ಮಾತು ಬಂತು. "ಬಿಳಿ ಬೆಲ್ಲಕ್ಕೇ ರೇಟು ಸಾರ್. ಅದುಕ್ಕೆ ಪೌಡ್ರು ಆಕ್ಬೇಕು. ಕರೀ ಬೆಲ್ಲ ಕೇಳೋರು ಬೆಂಗ್ಳೂರೋರು, ಅದೂ ಡಾಕ್ಟ್ರು ಹೇಳಿದ್ಮೇಲೆ." ಅಕ್ಕ ಟೆಂಟಿನ ಮನೆಗಳಿಗೆ ಕೊಡಲು ಕರೀ ಅಚ್ಚನ್ನೇ ಕೇಳಿದಳು. ಚೌಕಾಸಿಯೂ ಮಾಡಿದಳು, ದಾನಕ್ಕೆ ಎಂದು ಒಂದು ಮಾತೂ ಹೇಳದೆ. ಮಂಡ್ಯಕ್ಕೆ ಹೋದವರು ಪಾಕ ಇಳಿಸುವ ಹೊತ್ತಿಗೆ ಆಲೆಮನೆಗೆ ಹೋಗಿ. ಬಿಸಿ ಬೆಲ್ಲ ತಿಂದ ಮೇಲೆ ಅಂಗಡಿ ಬೆಲ್ಲ ರುಚಿಸುವುದಿಲ್ಲ, ಅದೊಂದೇ ತೊಂದರೆ.

ಟೆಂಟುಗಳ ಹತ್ತಿರ ಕತ್ತಲಾಗಿತ್ತು. ಮಕ್ಕಳು ಅಕ್ಕನ ಸೀರೆ ಹಿಡಿದು ಎಳೆದವು. ಅವಳು ಕೈದೀಪದ ಬೆಳಕಿನಲ್ಲಿ ನೆಲದ ಮೇಲೆ ಅ, ಆ ತಿದ್ದಿಸಿದಳು. ಬೆಲ್ಲ ಕೊಟ್ಟದ್ದು ಕೊನೆಗೆ. ಮೊದಲೇ ಕೊಟ್ಟರೆ ಯಾರೂ ಕೂರುವುದಿಲ್ಲವಂತೆ.

ರಾತ್ರಿ ಊಟಕ್ಕೆ ಕೂತಾಗ ನಾನು ತಾತನ ಪರ ವಾದಿಸಿದೆ. ಕೊಡುವವರು ಬಿಗಿಯಾಗಿ ಲೆಕ್ಕ ಇಡುವುದು ಒಳ್ಳೆಯದೇ, ಆದರೆ ಲೆಕ್ಕದ ಭಾರವನ್ನು ತೆಗೆದುಕೊಳ್ಳುವವನ ತಲೆಗೆ ಹೊರಿಸಬಾರದು ಎಂದೆ. "ಬೀಡಿಗೆ ಹೋಗುತ್ತೆ ಕಣೋ ದುಡ್ಡು" ಎಂದಳು ಅಕ್ಕ. ಭಾವ ತಟ್ಟೆಯಿಂದ ತಲೆ ಎತ್ತದೆ, "ನನ್ ಪೆನ್ಷನ್ನೂ ನೀನೇ ಮೆಡಿಕಲ್ ಸ್ಟೋರಿಗೆ ಕಟ್ಟಿಬಿಡು" ಎಂದರು. ಅಕ್ಕ ಮಾತು ನಿಲ್ಲಿಸಿದಳು.

ಭಾನುವಾರ, ಶ್ರೀರಂಗಪಟ್ಟಣ

ಬೆಳಗಿನ ಪೂಜೆ ಮುಗಿಸಿ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಕಬ್ಬು, ಭತ್ತ, ಮತ್ತೆ ಕಬ್ಬು. ಶ್ರೀರಂಗಪಟ್ಟಣಕ್ಕೆ ಬರುವವರು ರಂಗನಾಥನನ್ನು, ದರಿಯಾ ದೌಲತ್ತನ್ನು, ಸಂಗಮವನ್ನು ನೋಡಿ ಹೋಗುತ್ತಾರೆ. ನಮ್ಮ ಗುರಿ ಅಬ್ಬೆ ದುಬಾಯ್ ಹೆಸರಿನ ಹಳೇ ಚರ್ಚು. ಪುಟ್ಟ ಕಟ್ಟಡ, ಒಳಗೆ ತಂಪು. ಮಧ್ಯಾಹ್ನದ ಹೊತ್ತಿಗೆ ಹೋದರೆ ಬೀಗ ನೋಡಿ ಬರಬೇಕಾದೀತು, ಭಾನುವಾರ ಬೆಳಿಗ್ಗೆ ಹೋಗುವುದು ವಾಸಿ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಲ್ಲಿಗೆ ಬಂದವನು ಈ ಫ್ರೆಂಚ್ ಪಾದ್ರಿ. 1784ರಲ್ಲಿ ಕರಾವಳಿಯಿಂದ ಸೆರೆಯಾಗಿ ಬಂದು ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸುವುದು ಅವನ ಕೆಲಸ. ಈ ಕಡೆಯವರಂತೆ ಉಟ್ಟ, ಮಾಂಸ ಬಿಟ್ಟ, ಇಲ್ಲಿನ ಜನರ ನಡೆನುಡಿಯ ಮೇಲೆ ದಪ್ಪ ಪುಸ್ತಕವನ್ನೇ ಬರೆದ. ಅವನ ಅಭಿಪ್ರಾಯಗಳಲ್ಲಿ ಹಲವನ್ನು ಇವತ್ತು ಓದಿದರೆ ಮೈ ಉರಿಯುತ್ತದೆ, ಅದು ಬೇರೆ ಮಾತು. ನನ್ನನ್ನು ಹಿಡಿದಿಟ್ಟದ್ದು ಸಿಡುಬಿನ ಕಥೆ. ಲಸಿಕೆ ಈ ದೇಶಕ್ಕೆ ಬಂದದ್ದೇ 1802ರಲ್ಲಿ. ಮರುವರ್ಷದಿಂದಲೇ ಈತ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅದನ್ನು ಹಾಕಿಸತೊಡಗಿದ. 1803-04ರಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಿಸಿದ ಲೆಕ್ಕವಿದೆ. ಫ್ರಿಜ್ಜಿಲ್ಲ, ಸೂಜಿಯ ಪ್ಯಾಕೆಟ್ಟಿಲ್ಲ. ಒಬ್ಬರ ತೋಳಿನ ಗುಳ್ಳೆಯ ರಸ ಮತ್ತೊಬ್ಬರ ತೋಳಿಗೆ. ಅದೂ ಜಾತಿ ಕೇಳಿ ನೀರು ಕುಡಿಯುವ ಕಾಲದಲ್ಲಿ.

ಅಂಗಳ ಗುಡಿಸುತ್ತಿದ್ದ ಹಿರಿಯರೊಬ್ಬರು ಪೊರಕೆ ನಿಲ್ಲಿಸಿ ಮಾತಿಗೆ ಬಂದರು. "ಆ ದೊಡ್ಡ ಸ್ವಾಮ್ಯೋರು ಊರಿಗೆ ವಾಪಸ್ ಓಗೋವಾಗ, ನನ್ ಕೈಲಿ ಏನೂ ಆಗ್ಲಿಲ್ಲ ಅಂದ್ಬುಟ್ರಂತೆ, ದಿಟವಾ ಸಾರ್?" ದಿಟವೇ. 1823ರಲ್ಲಿ ಫ್ರಾನ್ಸಿಗೆ ಮರಳಿದಾಗ, ಹಿಂದೂಗಳನ್ನು ಮತಾಂತರಿಸುವುದು ಆಗದ ಕೆಲಸ ಎಂದು ಅಚ್ಚುಹಾಕಿಸಿಯೇ ಹೇಳಿದ. ಹಿರಿಯರು ಸ್ವಲ್ಪ ಹೊತ್ತು ಯೋಚಿಸಿ, "ಮತ್ತೆ ಆ ಸಿಡುಬಿಂದು? ಅದುನ್ನ ಲೆಕ್ಕಕ್ಕೇ ಇಡ್ಕಳ್ನಿಲ್ಲ ನೋಡಿ" ಎಂದು ಪೊರಕೆ ಎತ್ತಿಕೊಂಡರು. ಎರಡು ಶತಮಾನದ ಮಿಷನರಿ ಇತಿಹಾಸದ ಬಗ್ಗೆ ನಾನು ಓದಿದ್ದರಲ್ಲಿ ಇದಕ್ಕಿಂತ ಚುರುಕಾದ ವಿಮರ್ಶೆ ನೆನಪಾಗುವುದಿಲ್ಲ.

ಹೊಳೆ ದಂಡೆಯಲ್ಲಿ ಭಾವ ತಮ್ಮ ಕಾನೂನು ಪಾಯಿಂಟನ್ನು ಜಾರಿಗೆ ತಂದರು. ಭಾನುವಾರ ತಾನೆ? ಕೆಂಪಗೆ ಮಸಾಲೆ ಹಚ್ಚಿದ ಹೊಳೆಮೀನು, ಕಬ್ಬಿಣದ ಹೆಂಚಿನ ಮೇಲೆ. ಅಕ್ಕ ಕಡಲೆಕಾಯಿ ತಿನ್ನುತ್ತ ಬೇರೆ ಕಡೆ ನೋಡಿದಳು. ನಾನು ಯಾವ ಪಕ್ಷವೆಂದು ಹೇಳುವುದಿಲ್ಲ, ಮೀನಿನ ಮುಳ್ಳು ಬಹಳ ಸಣ್ಣವು ಎಂದಷ್ಟೇ ಹೇಳಬಲ್ಲೆ.

ಸೋಮವಾರ, ಮೈಸೂರು

ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿಗೆ ಬಿಸಿಲೇರುವ ಮೊದಲೇ ಹೋದೆವು. 175 ಅಡಿಯ ಜೋಡಿ ಗೋಪುರ, ಜರ್ಮನಿಯ ಕಲೋನ್ ಚರ್ಚಿನ ಮಾದರಿ. 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಸಂತಳ ಅವಶೇಷವನ್ನು ತರಿಸಿದವರು ಅವರ ಕಾರ್ಯದರ್ಶಿಯಾಗಿದ್ದ ತಂಬೂಚೆಟ್ಟಿ. 1961ರಲ್ಲಿ ರೋಮ್ ಫಿಲೋಮಿನಾಳ ಹಬ್ಬವನ್ನು ಚರ್ಚುಗಳ ಪಂಚಾಂಗಗಳಿಂದ ತೆಗೆಸಿಹಾಕಿತು. ಮೈಸೂರಿನವರು ಮನಸ್ಸಿನಿಂದ ತೆಗೆಯಲಿಲ್ಲ. ನೆಲಮಾಳಿಗೆಯಲ್ಲಿ ಮಲಗಿದ ಪ್ರತಿಮೆಯ ಮುಂದೆ, ಹಣೆಗೆ ಕುಂಕುಮವಿಟ್ಟ ಹೆಂಗಸೊಬ್ಬಳು ಕಣ್ಣುಮುಚ್ಚಿ ನಿಂತಿದ್ದಳು. ಗೋಪುರ ಚೆನ್ನಾಗಿದೆ, ಫೋಟೋಗೆ ಬೆಳಗಿನ ಬೆಳಕೇ ಸರಿ. ಆದರೆ ನನಗೆ ಆ ದಿನದ ಮೈಸೂರು ಶುರುವಾದದ್ದು ಆಮೇಲೆ.

ಅಕ್ಕನ ಗೆಳತಿಯೊಬ್ಬರು ನಿವೃತ್ತ ನರ್ಸು, ಸಿಎಸ್‌ಐ ಎಂಬ ಪ್ರೊಟೆಸ್ಟೆಂಟ್ ಸಭೆಯವರು. ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ವೆಸ್ಲಿಯನ್ ಮಿಷನ್ನಿನವರು ಶುರು ಮಾಡಿದ, ಊರಿನವರೆಲ್ಲ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಆಸ್ಪತ್ರೆಯ ಮಾತು ಬಂದರೆ ಅವರಿಗೆ ದನಿ ಬದಲಾಗುತ್ತದೆ. ಆಯಮ್ಮ ಸೋಮವಾರ ಸೋಮವಾರ ಹೋಗುವುದು ಮಾತ್ರ ಸರ್ಕಾರಿ ಕೆ.ಆರ್. ಆಸ್ಪತ್ರೆಗೆ. ಕೆಲಸಕ್ಕಲ್ಲ. ಹೊರರೋಗಿಗಳ ಸಾಲಿನ ಹತ್ತಿರ ಸುಮ್ಮನೆ ನಿಲ್ಲುವುದಕ್ಕೆ.

ನಾವೂ ಹೋಗಿ ನಿಂತೆವು. ಅವರ ಚೀಲದಲ್ಲಿ ಇದ್ದದ್ದು ಎರಡು ಪೆನ್ನು, ಬಿಳಿ ಹಾಳೆ, ಗೋಂದು, ಗ್ಲೂಕೋಸ್ ಬಿಸ್ಕತ್ತು, ನೀರಿನ ಬಾಟಲಿ, ಚಿಲ್ಲರೆ. ಹೆಗ್ಗಡದೇವನಕೋಟೆ, ನಂಜನಗೂಡು, ಹುಣಸೂರಿನ ಕಡೆಯಿಂದ ಮುಂಜಾನೆಯ ಬಸ್ಸಿಗೇ ಬಂದವರು ಚೀಟಿ ಹಿಡಿದು ಗೋಡೆ ನೋಡುತ್ತಿರುತ್ತಾರೆ. ಚೀಟಿ ಮಾಡಿಸುವುದು ಒಂದು ಕಡೆ, ರಕ್ತ ಕೊಡುವುದು ಇನ್ನೊಂದು ಕಡೆ, ಸ್ಕ್ಯಾನಿಂಗ್ ಮತ್ತೆಲ್ಲೋ. ಆಧಾರ್ ಜೆರಾಕ್ಸ್ ಇಲ್ಲವೆಂದರೆ ಮತ್ತೆ ಹೊರಗೆ. ಯಾರದೂ ತಪ್ಪಲ್ಲ, ಇಷ್ಟು ಜನ ಬರುವ ದೊಡ್ಡಾಸ್ಪತ್ರೆ ಎಂದರೆ ಹೀಗೇ. ಆಯಮ್ಮ ಚೀಟಿ ಓದುತ್ತಾರೆ, ಬಾಗಿಲು ತೋರಿಸುತ್ತಾರೆ, ತಿಂಡಿ ತಿಂದಿದ್ದೀರಾ ಎಂದು ಕೇಳುತ್ತಾರೆ. ಈ ಕೊನೆಯ ಪ್ರಶ್ನೆ ಉಪಚಾರಕ್ಕಲ್ಲ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಾದವರು ಬಸ್‌ಸ್ಟಾಂಡಿನಲ್ಲಿ ಇಡ್ಲಿ ತಿಂದು ಬಂದಿರುತ್ತಾರೆ, ಅದಕ್ಕೆ.

ಒಬ್ಬಾಕೆ ಅಳುತ್ತಿದ್ದಳು, ಗಂಡನನ್ನು ವಾರ್ಡಿಗೆ ಸೇರಿಸಿದ್ದರು. ಅವಳಿಗಾಗಿ ಪ್ರಾರ್ಥನೆ ಮಾಡುತ್ತೀರಾ ಎಂದು ನಾನು ಮೆಲ್ಲಗೆ ಕೇಳಿದೆ. "ಮನೇಲಿ ಮಾಡ್ತೀನಿ, ಅವಳ ಹೆಸರು ಹೇಳಿ. ಇಲ್ಲಿ ಅವಳಿಗೆ ಬೇಕಾಗಿರೋದು ಯಾವ ಬಾಗಿಲು ಅಂತ. ಅದು ಬಿಟ್ಟು ಪ್ರಾರ್ಥನೆ ಶುರು ಮಾಡಿದ್ರೆ ಅವಳು ಎರಡಕ್ಕೂ ಹೆದರ್ತಾಳೆ" ಎಂದರು. ಮನಸ್ಸಿಲ್ಲದ ದಿನ ಏನು ಮಾಡುತ್ತೀರಿ ಎಂದು ಅಕ್ಕ ಕೇಳಿದಳು. "ಸೋಮವಾರ ಅಲ್ವಾ, ಬರ್ತೀನಿ. ಡ್ಯೂಟಿಗೆ ಮನಸ್ಸು ಕೇಳ್ಕೊಂಡು ಹೋಗಿದ್ವಾ ನಾವು?"

ಸುವಾರ್ತೆಯಲ್ಲಿ ಯೇಸು ಕೊನೆಯ ತೀರ್ಪಿನ ಮಾತಾಡುವಾಗ ಹಸಿದಿದ್ದೆ, ಬಾಯಾರಿದ್ದೆ, ರೋಗಿಯಾಗಿದ್ದೆ ಎನ್ನುತ್ತಾನೆ. ಎಷ್ಟು ಭಕ್ತಿಯಿತ್ತು ಎಂದು ಕೇಳುವುದಿಲ್ಲ. ನಾನು ಬೆಂಗಳೂರಿನಲ್ಲಿ ಕಂಡ ಭಕ್ತಿಯಲ್ಲಿ ಮನಸ್ಸಿನ ಏರಿಳಿತ ಜಾಸ್ತಿ. ಹಾಡು ಚೆನ್ನಾಗಿದ್ದರೆ ಕಣ್ಣೀರು, ಪ್ರಬೋಧನೆ ಉದ್ದವಾದರೆ ಆಕಳಿಕೆ. ಇವರದು ಪಾಳಿಯ ಭಕ್ತಿ. ಅದು ಸ್ವಲ್ಪ ಒಣಕಲು, ಒಪ್ಪುತ್ತೇನೆ. ಆದರೆ ಸೋಮವಾರ ಬೆಳಿಗ್ಗೆ ಸಾಲಿನಲ್ಲಿ ನಿಂತವರು ಅದನ್ನು ನಂಬಿಕೊಂಡು ಬರಬಹುದು.

ಸಂಜೆ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಕೊಳ್ಳುತ್ತಿದ್ದಾಗ ಗಾಳಿ ಎದ್ದು ಆಲಿಕಲ್ಲು ಮಳೆ. ಹೂವಿನವರ ತಾಡಪಾಲು ಹಾರಿ ಭಾವನ ತಲೆಯ ಮೇಲೆ ಬಿತ್ತು. ಕರೆಂಟೂ ಹೋಯಿತು. ಹೂವಿನಾಕೆ ಕತ್ತಲಲ್ಲೇ ಮೊಳ ಹಾಕಿ ಕೊಟ್ಟಳು. ಬೆಳಕಿನಲ್ಲಿ ಅಳೆದು ನೋಡಿದರೆ ಒಂದು ಗೇಣು ಜಾಸ್ತಿಯೇ ಇತ್ತು. ರಾತ್ರಿಗೆ ನಜರ್‌ಬಾದಿನಲ್ಲಿ ಬೆಣ್ಣೆ ದೋಸೆ. ಮೆತ್ತಗೆ, ತೆಳ್ಳಗೆ, ಎರಡಕ್ಕೆ ನಿಲ್ಲಿಸಿದವರನ್ನು ನಾನು ಕಂಡಿಲ್ಲ.

ಮಂಗಳವಾರ, ದೋರನಹಳ್ಳಿ

ಮಂಗಳವಾರ ಸಂತ ಅಂತೋಣಿಯವರ ದಿನ. ಕೆ.ಆರ್. ನಗರದ ಕಡೆಯ ಬಸ್ಸಿನಲ್ಲಿ ಮೇಣದಬತ್ತಿಯ ಕಟ್ಟು ಹಿಡಿದವರೇ ಹೆಚ್ಚು. ಮಳೆಗೆ ನೆಂದ ಹೊಲಗಳಿಂದ ಮಣ್ಣಿನ ವಾಸನೆ. ಅಂತೋಣಿ ಹುಟ್ಟಿದ್ದು ಲಿಸ್ಬನ್ನಿನಲ್ಲಿ, ತೀರಿಕೊಂಡದ್ದು 1231ರ ಜೂನ್ 13ರಂದು ಇಟಲಿಯ ಪಾದುವಾದಲ್ಲಿ. ದೋರನಹಳ್ಳಿಗೆ ಅವರು ಬಂದ ಬಗೆ ಬೇರೆ. ಹೊಲ ಉಳುತ್ತಿದ್ದ ರೈತನಿಗೆ ಮರದ ಬೊಂಬೆ ಸಿಕ್ಕಿತಂತೆ. ಆಡಿಕೊಳ್ಳಲು ಮಕ್ಕಳಿಗೆ ಕೊಟ್ಟನಂತೆ. ಕನಸಿನಲ್ಲಿ ನಿಲುವಂಗಿಯ ಸನ್ಯಾಸಿ ಬಂದು ಗುಡಿ ಕಟ್ಟು ಎಂದನಂತೆ. ಆ ಗುಡಿ 2019ರಲ್ಲಿ ಬಸಿಲಿಕ, ಅಂದರೆ ಪೋಪರ ವಿಶೇಷ ಮನ್ನಣೆಯ ಚರ್ಚು, ಆಯಿತು. ಬರುವವರಲ್ಲಿ ಕ್ರೈಸ್ತರೆಷ್ಟು, ಗೌಡರೆಷ್ಟು, ಸಾಬರೆಷ್ಟು ಎಂದು ವಿಂಗಡಿಸಲು ಹೋದರೆ ತಲೆ ಕೆಡುತ್ತದೆ. ಹಬ್ಬದ ಜೂನ್ 13ಕ್ಕೆ ಕಾಲಿಡಲು ಜಾಗವಿರುವುದಿಲ್ಲ. ನೆಮ್ಮದಿಯಾಗಿ ಕೂರಬೇಕೆಂದರೆ ಮಾಮೂಲಿ ವಾರವೇ ಆಗಬೇಕು.

ಅಂತೋಣಿ ಕಳೆದುಹೋದ ವಸ್ತುಗಳನ್ನು ಹುಡುಕಿಕೊಡುವ ಸಂತ. ನಮಗೂ ಕೆಲಸವಿತ್ತು: ಭಾವ ಕೊಡೆಯನ್ನು ಬಸ್ಸಿನಲ್ಲೇ ಬಿಟ್ಟಿದ್ದರು. ಮೇಣದಬತ್ತಿ ಮಾರುವ ಅಜ್ಜಿಗೆ ಅದನ್ನು ಹೇಳಿಕೊಂಡರು. ಅಜ್ಜಿ ಎಲೆಯಡಿಕೆ ಒಂದು ದವಡೆಗೆ ಸರಿಸಿ, "ಕಳ್ಕಂಡೋರು ದಿನಾ ಸಾವ್ರ ಜನ ಬತ್ತರೆ ಕಣಪ್ಪ, ಕೊಡಪ್ಪ ಕೊಡಪ್ಪ ಅಂತ. ಸಿಕ್ಕದ್ದ ತಂದು ಕೊಡೋನು ಒಬ್ನೂ ಬರಾಕಿಲ್ಲ. ಪಾಪ, ಅಂತೋಣಪ್ಪ ಎಲ್ಲಿಂದ ತಂದಾನು?" ಎಂದಳು. ಭಾವ ದುಬಾರಿಯ ಮೇಣದಬತ್ತಿಯನ್ನೇ ತಗೊಂಡರು. ಕೊಡೆ ಸಿಗಲಿಲ್ಲ.

ಗುಡಿಯ ಒಳಗೆ ಅಕ್ಕ ಬಹಳ ಹೊತ್ತು ಕೂತಿದ್ದಳು. ಹೊರಗೆ ಬಂದವಳೇ ಚಪ್ಪಲಿ ಮೆಟ್ಟುತ್ತ, "ತಾತ ಟೀ ದುಡ್ಡು ಕೊಟ್ಟ ನೋಡು ಮೊನ್ನೆ, ಅವನ ಹತ್ರ ದುಡ್ಡೇ ಇರಲ್ಲ ಅಂದ್ಕೊಂಡಿದ್ದೆ ನಾನು" ಎಂದಳು. ನಾನು ಮಾತಾಡಲಿಲ್ಲ. "ಅವನಿಗೆ ಕೊಡೋಕೂ ಏನಾದ್ರೂ ಕೈಲಿರಬೇಕಲ್ಲ" ಎಂದು ತಾನೇ ಮುಂದುವರಿಸಿ, ಬಸ್ಸಿನಲ್ಲಿ ನೋಟ್‌ಬುಕ್ಕು ತೆಗೆದು ಏನೋ ಗೀಚಿಕೊಂಡಳು. ಭಾವ ಕಿಟಕಿ ಪಕ್ಕ ನಿದ್ದೆ ಹೋಗಿದ್ದರು.

ನಾನು ಬೆಂಗಳೂರಿಗೆ ಬಂದ ವಾರ ಅವಳ ಫೋನು. ತಾತನ ಕೈಗೇ ದುಡ್ಡು ಕೊಡುವ ವಿಷಯಕ್ಕೆ ಸಭೆಯಲ್ಲಿ ದೊಡ್ಡ ಜಗಳವೇ ಆಯಿತಂತೆ. ಇವತ್ತು ತಾತ, ನಾಳೆ ಎಲ್ಲರೂ ಕೈಗೇ ಕೇಳುತ್ತಾರೆ ಎಂದು ಖಜಾಂಚಿ ಪಟ್ಟು ಹಿಡಿದರಂತೆ. ಕೇಳಲಿ ಬಿಡಿ ಎಂದು ಟೈಲರ್ ಅಕ್ಕನ ಕಡೆ ನಿಂತನಂತೆ. ಕೊನೆಗೆ, ದುಡ್ಡು ತಾತನ ಕೈಗೆ ಕೊಡುವುದು, ತಿಂಗಳಿಗೊಮ್ಮೆ ಅಂಗಡಿಯ ಬಿಲ್ಲು ನೋಡುವುದು ಎಂದು ತೀರ್ಮಾನ. ತಾತ ಮೊದಲ ಸಲವೇ ಬಿಲ್ಲು ತೋರಿಸಿದ. ಮಾತ್ರೆ ಸರಿಯಾಗಿತ್ತು, ಚಿಲ್ಲರೆಗೆ ಲೆಕ್ಕವಿರಲಿಲ್ಲ, ದಿಂಬಿನ ಕೆಳಗೆ ಬೀಡಿ ಕಟ್ಟು ಇಣುಕುತ್ತಿತ್ತು.

"ಪುಸ್ತಕದಲ್ಲಿ ಏನಂತ ಬರೆದೆ?" ಎಂದು ಕೇಳಿದೆ.

"ಔಷಧಿ, ಇತ್ಯಾದಿ."